ರಾಕೆಟ್ ಹಾರೋದು ಹೇಗೆ?

ಅಕ್ಕಾ, ದೀಪಾವಳಿಯಲ್ಲಿ ರಾಕೆಟ್ ನೋಡೀರಲ್ಲ? ಅದು ಹಾರೋದು ಹೇಗೆ?

ಪುಗ್ಗಾ ಊದಿ ಬಿಟ್ಟುಬಿಡಿ. ಗಾಳಿ ಹಿಂದಕ್ಕೆ ನುಗ್ಗುತ್ತದೆ. ಪುಗ್ಗಾ ಮುಂದಕ್ಕೆ ಓಡುತ್ತದೆ. ರಾಕೆಟ್ಟೂ ಹಾಗೇ. ಕೊಳವೆಯಲ್ಲಿ ಮದ್ದು ಉರಿಯುತ್ತದೆ. ಹೊಗೆ ಕೆಳಗೆ ನುಗ್ಗುತ್ತದೆ. ರಾಕೆಟ್ ಮೇಲೆ ಏರುತ್ತದೆ.

ಉದ್ದನೆ ಕಡ್ಡಿ ಯಾಕೆ? ನೆಟ್ಟಗೆ ಹೋಗಲಿ ಅಂತ. ಕಡ್ಡಿ ಮುರಿದ ರಾಕೆಟ್ ಎತ್ತೆತ್ತಲೋ ನುಗ್ಗುತ್ತದೆ. ಅದನ್ನು ಹಚ್ಚಬೇಡಿ.

ಟಿಪ್ಪು ಸುಲ್ತಾನನ ಸೈನಿಕರು ಕಬ್ಬಿಣದ ಕೊಳವೆಗೆ ಬಿದಿರು ಕಟ್ಟಿ ಹಾರಿಸುತ್ತಿದ್ದರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಹಾಳು ಬಾವಿಯೊಳಗೆ, ಅಂಥ ಸಾವಿರ ರಾಕೆಟ್ ಸಿಕ್ಕವು.

ಘೋಡಗೇರಿಯಂಥ ಊರಲ್ಲಿ ಮೇವಿನ ಬಣವೆ ಇರುತ್ತವೆ. ಒಂದು ಕಿಡಿ ಸಾಕು! ಬಯಲಲ್ಲಿ ಹಚ್ಚಿ. ಬೀಳದ ಹಾಗೆ ಬಾಟಲಿಯಲ್ಲಿ ನಿಲ್ಲಿಸಿ. ಹಚ್ಚಿ ದೂರ ಸರಿಯಿರಿ. ನೀರಿನ ಕೊಡ ಹತ್ತಿರ ಇರಲಿ. ಮಕ್ಕಳ ಜೊತೆ ದೊಡ್ಡವರು ಇರಲಿ.