ಒಂದು ತಂತಿ, ಹಲವು ಮೂತಿ

ಮೇಜಿನ ಖಾನೆಯನ್ನು ಎಳೆದೊಡನೆ ಹಾವಿನ ಮರಿಗಳಂತೆ ಹೆಣೆದುಕೊಂಡ ಹತ್ತಾರು ತಂತಿಗಳು ಕಣ್ಣಿಗೆ ಬೀಳದ ಮನೆ ಈಗ ಅಪರೂಪ. ಹಬ್ಬದ ಮುಂಚೆ ಮನೆ ಗುಡಿಸುವಾಗ ಹಳೆಯದನ್ನೆಲ್ಲ ಕಸಕ್ಕೆ ಹಾಕಿ, ತಿಂಗಳೊಪ್ಪತ್ತಿನಲ್ಲಿ ಮಗಳ ಮದುವೆಯ ಚಿತ್ರಗಳಿರುವ ಹಾರ್ಡ್ ಡಿಸ್ಕನ್ನು ತೆರೆಯಲಾಗದೆ ಪೇಚಾಡುವ ಗೃಹಸ್ಥರೂ ಉಂಟು.

ಈ ತಂತಿಗಳ ಕುಲನಾಮ ಯು. ಎಸ್. ಬಿ. ಎಲ್ಲಕ್ಕೂ ಒಂದೇ ಎಂಬರ್ಥದ ‘ಯೂನಿವರ್ಸಲ್’ ಶಬ್ದ ಹೆಸರಿನಲ್ಲಿಯೇ ಇದೆ! ಕಂಪ್ಯೂಟರಿನ ಬೆನ್ನಿನಲ್ಲಿ ಕೀಲಿಮಣೆಗೊಂದು, ಪ್ರಿಂಟರಿಗೊಂದು, ಮೋಡೆಮಿಗೊಂದು ಬೇರೆ ಬೇರೆ ಬಾಯಿಗಳಿದ್ದ ಕಾಲದಲ್ಲಿ, ಏಳು ಸಂಸ್ಥೆಗಳು ಕೂಡಿ 1996ರಲ್ಲಿ ಇದನ್ನು ಹೊರತಂದವು. ಇಂಟೆಲ್ ಸಂಸ್ಥೆಯಲ್ಲಿ ಈ ಕೆಲಸದ ಮುಂದಾಳಾಗಿದ್ದವರು ಬರೋಡೆಯಲ್ಲಿ ಓದಿದ ಅಜಯ್ ಭಟ್.

ಮೊದಲು ಬಂದದ್ದು ‘ಎ’ ಎಂಬ ಚಪ್ಪಟೆ ಮೂತಿ. ಅದರೊಳಗೆ ನಾಲ್ಕು ಲೋಹದ ಪಟ್ಟಿಗಳು. ಅಂಚಿನವೆರಡು ವಿದ್ಯುತ್ತಿಗೆ, ನಡುವಿನವೆರಡು ಮಾಹಿತಿಗೆ. ಒಮ್ಮೆ ಚುಚ್ಚಿದರೆ ಹೋಗದು, ಮಗುಚಿದರೂ ಹೋಗದು, ಮತ್ತೆ ಮಗುಚಿದರೆ ಸಲೀಸಾಗಿ ಹೋಗುತ್ತದೆ! ಎರಡು ಮಗ್ಗುಲಿಗೂ ಸಲ್ಲುವಂತೆ ಮಾಡಿದ್ದರೆ ತಂತಿಗಳು ಹೆಚ್ಚಿ ಬೆಲೆ ಏರುತ್ತಿತ್ತೆಂಬುದು ಭಟ್ಟರ ಸಮಾಧಾನ. ಪ್ರಿಂಟರಿನ ಕಡೆಗೆ ಚೌಕನಾದ ‘ಬಿ’ ಮೂತಿ. ಹಳೆಯ ಕ್ಯಾಮರಾಗಳಿಗೆ ಮಿನಿ. 2007ರಿಂದ ಫೋನುಗಳಿಗೆ ಮೈಕ್ರೋ. ಮೈಕ್ರೋದಲ್ಲಿ ಸವೆಯುವ ಸ್ಪ್ರಿಂಗನ್ನು ತಂತಿಯ ಕಡೆಗೇ ಇರಿಸಿದರು. ಕೆಟ್ಟರೆ ಅಗ್ಗದ ತಂತಿ ಕೆಡಲಿ, ಫೋನು ಉಳಿಯಲಿ ಎಂಬುದು ಲೆಕ್ಕಾಚಾರ. ಆದರೆ ತಲೆಕೆಳಗಾಗಿ ಒತ್ತಿ ತುರುಕಿದರೆ ಯಾವ ಲೆಕ್ಕವೂ ಉಳಿಯದು.

2014ರಲ್ಲಿ ಬಂದ ‘ಸಿ’ಗೆ ಮೇಲುಕೆಳಗೆಂಬ ಭೇದವಿಲ್ಲ. ಅದರ ಬಾಯಲ್ಲಿ 24 ಸಂಪರ್ಕಬಿಂದುಗಳಿವೆ. 2023ರಲ್ಲಿ ಐಫೋನೂ ಇದಕ್ಕೆ ತಿರುಗಿತು. ಯುರೋಪಿನ ಒಕ್ಕೂಟವು 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆ ಇದನ್ನೇ ಕಡ್ಡಾಯಗೊಳಿಸಿದೆ. ಗೊಂದಲವಿರುವುದೂ ಇಲ್ಲಿಯೇ: ಮೂತಿ ಒಂದೇ ಆದರೂ ಒಡಲು ಒಂದೇ ಅಲ್ಲ. ಒಂದು ತಂತಿ 60 ವಾಟಿಗೆ ನಿಂತರೆ, ಇನ್ನೊಂದು 240 ವಾಟನ್ನು ಹೊರುತ್ತದೆ. ಫೋನಿಗೆ ಸಾಕಾಗುವ ತಂತಿಯಿಂದ ದೊಡ್ಡ ಲ್ಯಾಪ್‌ಟಾಪು ಆಮೆಯಂತೆ ತುಂಬಿಕೊಳ್ಳುವುದು ಇದರಿಂದಲೇ. ಇನ್ನು ಅಗ್ಗದ ಕೆಲವು ಹಳೆಯ ತಂತಿಗಳಲ್ಲಿ ಮಾಹಿತಿಯ ಎಳೆಗಳೇ ಇರುವುದಿಲ್ಲ. ಚಾರ್ಜು ಆಗುತ್ತದೆ, ಆದರೆ ಕಂಪ್ಯೂಟರು ಮಾತ್ರ ಫೋನನ್ನು ಗುರುತಿಸದು. ಕೊಳ್ಳುವಾಗ ಕೇಳಿ ನೋಡುವುದು ಲೇಸು.

ಮದುವೆಯ ಚಿತ್ರಗಳ ಗತಿಯೇನು? ಕೆಲವು ವರ್ಷಗಳ ಹಿಂದಿನ ಹಾರ್ಡ್ ಡಿಸ್ಕುಗಳ ಬಾಯಿ ಅಗಲವಾಗಿದ್ದು, ಎರಡು ಭಾಗಗಳಾಗಿರುತ್ತದೆ. ಅದರ ತಂತಿ ಕಳೆದಿದ್ದರೂ ಹೆದರಬೇಕಾಗಿಲ್ಲ. ದೊಡ್ಡ ಭಾಗಕ್ಕೆ ಹಳೆಯ ಫೋನಿನ ಮೈಕ್ರೋ ತಂತಿ ಸರಿಯಾಗಿ ಕೂಡುತ್ತದೆ. ಮಾಹಿತಿಯ ಎಳೆಗಳುಳ್ಳ ತಂತಿಯಾಗಿದ್ದರೆ ವೇಗ ತಗ್ಗಿದರೂ ಸಾಮಾನ್ಯವಾಗಿ ಚಿತ್ರಗಳು ದೊರೆಯುತ್ತವೆ, ಅದೂ ಕಸಕ್ಕೆ ಹೋಗದೆ ಖಾನೆಯಲ್ಲಿ ಉಳಿದಿದ್ದರೆ.