ಹೊಸ ಟಿವಿಗೆ ಹಳೆಯ ಆಂಪ್ಲಿಫೈಯರ್ ಜೋಡಿಸುವುದು ಹೇಗೆ?

ಹಳೆಯ ಟಿವಿಗಳ ಹಿಂದೆ ಕೆಂಪು, ಬಿಳಿ ಬಣ್ಣದ ಆಡಿಯೋ ಔಟ್‌ಪುಟ್ ಇರುತ್ತಿತ್ತು. ಅಲ್ಲಿಂದ ಒಂದು ಕೇಬಲ್ ಎಳೆದು ಆಂಪ್ಲಿಫೈಯರ್‌ಗೆ ಕೊಟ್ಟರೆ ಮನೆಯೆಲ್ಲ ಹಾಡು. ಈಗಿನ ಹಲವು ಸ್ಮಾರ್ಟ್ ಟಿವಿಗಳಲ್ಲಿ ಅದಿಲ್ಲ. ಬದಲಿಗೆ 'ಆಪ್ಟಿಕಲ್' ಎಂದು ಬರೆದ ಚಿಕ್ಕ ಚೌಕ ಕಿಂಡಿ ಇರುತ್ತದೆ. ಹೀಗಾಗಿ ಚೆನ್ನಾಗಿರುವ ಆಂಪ್ಲಿಫೈಯರ್ ಕೂಡ ಗುಜರಿಗೆ ಹೋಗುವ ಸ್ಥಿತಿ ಬಂದಿದೆ.

ನಮ್ಮ ಮನೆಯಲ್ಲೂ ಇದೇ ಪ್ರಶ್ನೆ ಎದ್ದಿತು. ನಮ್ಮ ದಾದಿಗೆ, ಅಂದರೆ ಅಬ್ಬಾ ಅವರ ತಾಯಿಗೆ, ಕಿವಿ ಸ್ವಲ್ಪ ಮಂದ. ಟಿವಿಯ ಪುಟ್ಟ ಸ್ಪೀಕರ್‌ನಲ್ಲಿ ಅವರಿಗೆ ಮಾತು ತಿಳಿಯುತ್ತಿರಲಿಲ್ಲ. ಸೌಂಡ್‌ಬಾರ್ ಕೊಳ್ಳೋಣವೆಂದರೆ ತಂಗಿಯ ಶಾಲೆಯ ಫೀಸ್ ಕಟ್ಟಬೇಕಿತ್ತು. ಅಬ್ಬಾ ಅವರ ಹಳೆಯ ಆಂಪ್ಲಿಫೈಯರ್ ಮತ್ತು ಎರಡು ಸ್ಪೀಕರ್ ಅಟ್ಟದ ಮೇಲಿದ್ದವು. ಅವನ್ನು ಮತ್ತೆ ಬಳಸಲು ಬೇಕಾಗಿದ್ದು ಒಂದು ಡ್ಯಾಕ್, ಅಂದರೆ ಡಿಜಿಟಲ್-ಟು-ಅನಲಾಗ್ ಕನ್ವರ್ಟರ್. ಟಿವಿಗೆ ಸಾಕಾಗುವ ಸಾದಾ ಡಬ್ಬಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಡ್ಯಾಕ್ ಏನು ಮಾಡುತ್ತದೆ?

ನಮ್ಮ ಮಧುಗಿರಿ ಬೆಟ್ಟ ಹತ್ತುವಾಗ ಹೆಜ್ಜೆ ಹೆಜ್ಜೆಗೂ ಎತ್ತರ ಅಳೆದು ಬರೆದಿಟ್ಟರೆ, ಬೆಟ್ಟ ನೋಡದವರೂ ಆ ಅಂಕಿಗಳಿಂದ ಅದರ ಏರಿಳಿತದ ಗೆರೆ ಎಳೆಯಬಹುದು. ಡಿಜಿಟಲ್ ಧ್ವನಿಯೂ ಹೀಗೆ ಬರೆದಿಟ್ಟ ಅಂಕಿಗಳೇ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದಿರುತ್ತಾರೆ. ಪ್ರತಿ ಅಳತೆಯೂ 16 ಬಿಟ್, ಅಂದರೆ 65,536 ಮಟ್ಟಗಳಲ್ಲಿ ಒಂದು. ಆದರೆ ಸ್ಪೀಕರ್‌ಗೆ ಅಂಕಿ ಅರ್ಥವಾಗದು, ಅದಕ್ಕೆ ಏರಿಳಿಯುವ ವಿದ್ಯುತ್ ಬೇಕು. ಅಂಕಿಯನ್ನು ವಿದ್ಯುತ್ತಿಗೆ ತರ್ಜುಮೆ ಮಾಡುವುದೇ ಡ್ಯಾಕ್ ಕೆಲಸ. ತರ್ಜುಮೆ ಮಾಡುವವರು ಎಷ್ಟೇ ಜಾಣರಾದರೂ ಮೂಲದಲ್ಲಿ ಇಲ್ಲದ್ದನ್ನು ತರಲಾರರು. ಹಾಗೆಯೇ ಕಳಪೆ ರೆಕಾರ್ಡಿಂಗ್ ದುಬಾರಿ ಡ್ಯಾಕ್‌ನಿಂದ ಒಳ್ಳೆಯದಾಗುವುದಿಲ್ಲ.

ಕೊಳ್ಳುವ ಮೊದಲು

ಟಿವಿಯ ಹಿಂಭಾಗ ನೋಡಿ. ಹೆಡ್‌ಫೋನ್ ಕಿಂಡಿ ಇದ್ದರೆ ಟಿವಿಯೊಳಗೇ ಡ್ಯಾಕ್ ಇದೆ ಎಂದರ್ಥ, ಒಂದು ಕೇಬಲ್ ಸಾಕು. ಆಪ್ಟಿಕಲ್ ಇದ್ದರೆ ಆಪ್ಟಿಕಲ್ ಡಬ್ಬಿ ತನ್ನಿ. ಎಚ್‌ಡಿಎಂಐ ಎಆರ್‌ಸಿ ಮಾತ್ರ ಇದ್ದರೆ 'ಎಆರ್‌ಸಿ' ಎಂದು ನಮೂದಿಸಿರುವ ಡಬ್ಬಿಯೇ ಬೇಕು. '192 ಕಿಲೋಹರ್ಟ್ಸ್' ಎಂಬ ದೊಡ್ಡ ಅಂಕಿಗೆ ಮರುಳಾಗಬೇಡಿ. ಮನುಷ್ಯನ ಕಿವಿಯ ಮಿತಿ ಸುಮಾರು 20,000 ಹರ್ಟ್ಸ್. ಅದರ ಎರಡರಷ್ಟಕ್ಕಿಂತ ಸ್ವಲ್ಪ ಹೆಚ್ಚು ಬಾರಿ ಅಳೆದರೆ ಸಾಕಾಗುತ್ತದೆ.

ಜೋಡಿಸುವ ಕ್ರಮ

1. ಆಂಪ್ಲಿಫೈಯರ್ ಆಫ್ ಮಾಡಿ, ವಾಲ್ಯೂಮ್ ಪೂರ್ತಿ ತಗ್ಗಿಸಿ.

2. ಆಪ್ಟಿಕಲ್ ಕೇಬಲ್‌ನ ಎರಡೂ ತುದಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದು ಟಿವಿಗೂ ಡಬ್ಬಿಗೂ ಸಿಕ್ಕಿಸಿ. ಅದರೊಳಗೆ ಬೆಳಕು ಹರಿಯುವುದರಿಂದ ಕೇಬಲನ್ನು ಮಡಚಬಾರದು.

3. ಡಬ್ಬಿಯ ಕೆಂಪು-ಬಿಳಿ ಕೇಬಲನ್ನು ಆಂಪ್ಲಿಫೈಯರ್‌ನ 'ಆಕ್ಸ್' ಅಥವಾ 'ಸಿ.ಡಿ.' ಇನ್‌ಪುಟ್‌ಗೆ ಕೊಡಿ. 'ಫೋನೋ' ಬೇಡ. ಅದು ಗ್ರಾಮಫೋನ್ ತಟ್ಟೆಯ ದುರ್ಬಲ ಸಿಗ್ನಲ್‌ಗೆ ಮಾಡಿದ್ದು, ಅಲ್ಲಿ ಧ್ವನಿ ಒಡೆಯುತ್ತದೆ.

4. ಡಬ್ಬಿಗೆ 5 ವೋಲ್ಟ್ ಬೇಕು. ಟಿವಿಯ ಯುಎಸ್‌ಬಿಯಿಂದ ಕೊಟ್ಟಾಗ ಗುಂಯ್ ಎಂಬ ಸದ್ದು ಬಂದರೆ ಮೊಬೈಲ್ ಚಾರ್ಜರ್ ಬಳಸಿ ನೋಡಿ.

5. ಟಿವಿಯ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ಔಟ್‌ಪುಟನ್ನು 'ಪಿಸಿಎಂ' ಮಾಡಿ. ಇದು ಬಹಳ ಮುಖ್ಯ. 'ಡಾಲ್ಬಿ' ಇದ್ದರೆ ಸಾದಾ ಡಬ್ಬಿಗೆ ಆ ಭಾಷೆ ಬರುವುದಿಲ್ಲ, ಸದ್ದೇ ಇರುವುದಿಲ್ಲ ಅಥವಾ ಕರಕರ ಎನ್ನುತ್ತದೆ. ಡಬ್ಬಿ ಕೆಟ್ಟಿದೆ ಎಂದು ಹಿಂತಿರುಗಿಸುವ ಮೊದಲು ಇದನ್ನು ನೋಡಿ.

ಹಲವು ಟಿವಿಗಳಲ್ಲಿ ಆಪ್ಟಿಕಲ್ ಧ್ವನಿಗೆ ರಿಮೋಟ್ ವಾಲ್ಯೂಮ್ ಕೆಲಸ ಮಾಡುವುದಿಲ್ಲ. ಆಂಪ್ಲಿಫೈಯರ್‌ನ ಗುಂಡಿಯನ್ನೇ ತಿರುಗಿಸಬೇಕು. ನಮ್ಮ ಮನೆಯಲ್ಲಿ ಆ ಗುಂಡಿ ಈಗ ದಾದಿಯ ಕೈಯಲ್ಲಿದೆ, ವಾರ್ತೆಯನ್ನು ಇನ್ನೊಬ್ಬರಿಂದ ಕೇಳಿ ತಿಳಿಯುವ ಅಗತ್ಯ ಅವರಿಗಿಲ್ಲ.

ಕಾಮರ್ಸ್ ವಿದ್ಯಾರ್ಥಿಗಳಾದ ನಾವು ಸವಕಳಿ ಲೆಕ್ಕ ಹಾಕುತ್ತೇವೆ. ಪುಸ್ತಕದಲ್ಲಿ ಬೆಲೆ ಸೊನ್ನೆಯಾದ ವಸ್ತು ಮನೆಯಲ್ಲಿ ಇನ್ನೂ ದುಡಿಯಬಲ್ಲದು. ಗುಜರಿಯವರನ್ನು ಕರೆಯುವ ಮೊದಲು ಟಿವಿಯ ಹಿಂದೆ ಒಮ್ಮೆ ಇಣುಕಿ ನೋಡಿ.