ನಿಮಗಿದು ಗೊತ್ತೆ? ಶಾಮನ್‌ಗಳ ಲೋಕಕ್ಕೆ ಎರಡು ಪುಸ್ತಕ

● ಡೋಲು ಬಡಿಯುತ್ತ ಮೈಮರೆತು, ಆತ್ಮಗಳ ಲೋಕಕ್ಕೆ ಹೋಗಿಬರುವವನೆಂದು ಸೈಬೀರಿಯಾದ ಬುಡಕಟ್ಟುಗಳು ನಂಬುವ ಮಾಂತ್ರಿಕ ವೈದ್ಯನೇ ಶಾಮನ್.

● ಈ ವಿಷಯ ಓದುವವರಿಗೆ ಮೊದಲು ಸೂಚಿಸುವ ಗ್ರಂಥಗಳಲ್ಲೊಂದು ರುಮೇನಿಯಾದ ಮಿರ್ಚಾ ಎಲಿಯಾಡೆ ಅವರ ‘ಶಾಮನಿಸಂ’. ಫ್ರೆಂಚ್‌ನಲ್ಲಿ 1951ರಲ್ಲಿ, ಇಂಗ್ಲಿಷ್‌ನಲ್ಲಿ 1964ರಲ್ಲಿ ಪ್ರಕಟವಾಯಿತು.

● ಸೈಬೀರಿಯಾದಲ್ಲಿ ಎಲಿಯಾಡೆ ಕ್ಷೇತ್ರಕಾರ್ಯ ಮಾಡಿರಲಿಲ್ಲ. ಇತರರ ವರದಿಗಳೇ ಆಧಾರ. ಆದರೆ 1928ರಲ್ಲಿ ಕಲ್ಕತ್ತಕ್ಕೆ ಬಂದು, ಸುರೇಂದ್ರನಾಥ ದಾಸಗುಪ್ತರ ಬಳಿ ಸಂಸ್ಕೃತ ಮತ್ತು ಭಾರತೀಯ ದರ್ಶನ ಕಲಿತಿದ್ದರು.

● ಕಾರ್ಲೋಸ್ ಕಾಸ್ಟನೇಡಾ ಅವರ ‘ದಿ ಟೀಚಿಂಗ್ಸ್ ಆಫ್ ಡಾನ್ ಹುವಾನ್’ (1968) ಕೂಡ ಬಲು ಜನಪ್ರಿಯ. ಅದರಲ್ಲಿ ಬರುವ ಗುರು ‘ಡಾನ್ ಹುವಾನ್’ ಕಲ್ಪಿತ ಪಾತ್ರವೆಂದೇ ಹಲವು ಮಾನವಶಾಸ್ತ್ರಜ್ಞರ ಅಭಿಪ್ರಾಯ. ಹಾಗಾಗಿ ಅದನ್ನು ಕಾದಂಬರಿಯಂತೆ ಓದುವುದೇ ಕ್ಷೇಮ.